ಮುಷ್ಟಿ

ಮಳವಳ್ಳಿಯ ನಾಡಕಚೇರಿ, ಎರಡನೇ ಕೌಂಟರು.
"ಪಾಪು ಹೆಬ್ಬೆಟ್ಟು ಇಡ್ಸಕ್ಕ" ಅಂದ ಹುಡುಗ
ಮಿಷನ್ನಿನ ಕೆಂಪು ಕಣ್ಣು ನಮ್ಮ ಕಡೆ ತಿರುಗಿಸಿ.
ನಗು ಬಂತು ನನಗೆ. ಸಿಂಚನಳ ಹೆಬ್ಬೆಟ್ಟು
ನಾಲ್ಕು ಬೆರಳ ಒಳಗೆ ಮಲಗಿದೆ
ಒಂಬತ್ತು ವರ್ಷದಿಂದ.

ಎಳೀಬೇಡಪ್ಪ, ಎಳೆದಷ್ಟೂ ಬಿಗೀತಾಳೆ.
ಅದಕ್ಕೊಂದು ಹದವಿದೆ:
ಮೊದಲು ಮಣಿಕಟ್ಟು ಒಳಕ್ಕೆ ಬಾಗಿಸಬೇಕು,
ಕಿರುಬೆರಳ ಬದಿಯಿಂದ ಮೆಲ್ಲಗೆ ಸವರಬೇಕು,
ಕಿವಿಯ ಹತ್ತಿರ ಹಸುವಿನ ಹಾಗೆ ಕೂಗಬೇಕು.
ಆಗ ಬಿಡುತ್ತಾಳೆ.
ಮೊಗ್ಗು ಬಿರಿದಂತೆ ಅನ್ನುವವರು ಅನ್ನಲಿ,
ನನಗದು ನೆನೆದ ಹಗ್ಗದ ಗಂಟು.

ಹದ ಕಲಿಸಿದ್ದು ಸಣ್ಣತಾಯಮ್ಮ,
ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ.
ಪೋಲಿಯೋ ಕಾಲು, ಮೂರು ಚಕ್ರದ ಸ್ಕೂಟರು,
ಸೀಟಿನಡಿ ನಲವತ್ತು ಮನೆಗಳ ಜೆರಾಕ್ಸು.
ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು
ಶೇಕಡಾ ಎಂಬತ್ತು ಎಂದು ಬರೆದ ದಿನ
ನನ್ನ ಕಣ್ಣು ತುಂಬಿತ್ತು. ಅವಳು ಮೊಣಕೈಲಿ ತಿವಿದಳು:
"ಎಪ್ಪತ್ತೈದು ದಾಟಿದ್ರೆ ಪಿಂಚಣಿ ಜಾಸ್ತಿ ಕಣಮ್ಮಿ.
ಅಳು, ಬ್ಯಾಡ ಅನ್ನಕಿಲ್ಲ,
ಸೀಲು ಹಾಕಿಸ್ಕಂಡು ಅಳು."

ಕ್ಯಾಂಪಿನಲ್ಲಿ ಗಾಲಿಕುರ್ಚಿಯೂ ಸಿಕ್ಕಿತು, ದೊಡ್ಡವರ ಅಳತೆಯದು.
ಅದರಲ್ಲೀಗ ಹುರುಳಿ ಮೂಟೆ ಕೂತಿದೆ.

ಮೂರು ತಿಂಗಳಿಂದ ದುಡ್ಡು ನಿಂತಿದೆ.
ಮಗು ಬದುಕಿದೆ ಅಂತ ತೋರಿಸಬೇಕಂತೆ.
ನನ್ನ ಸೊಂಟದ ಮೇಲೆ ಬದುಕಿದ್ದಾಳೆ, ಇಪ್ಪತ್ತೆರಡು ಕೇಜಿ,
ಸೆರಗಿಗೆ ಜೊಲ್ಲು ಸುರಿಸುತ್ತಾ, ಫ್ಯಾನು ನೋಡುತ್ತಾ.

ಗಂಟು ಬಿಚ್ಚಿತು. ಗಾಜಿನ ಮೇಲೆ ಇಟ್ಟೆ.
ಗುರುತಿಲ್ಲ ಅಂತು ಮಿಷನ್ನು.
ಒಂಬತ್ತು ವರ್ಷ ಬೆವರಲ್ಲೇ ನೆಂದ ಹೆಬ್ಬೆಟ್ಟು
ಬಿಳಿಚಿ, ಮೆತ್ತಗಾಗಿ, ಗೆರೆಯೆಲ್ಲ ಮಾಸಿದೆ.
ಒರೆಸಿ ಇಟ್ಟೆ. ಗುರುತಿಲ್ಲ.
ಅಷ್ಟರಲ್ಲಿ ಮುಷ್ಟಿ ಮತ್ತೆ ಮುಚ್ಚಿತು.

ಹುಡುಗ ಎದ್ದ. ವೈರು ಸಾಲುವಷ್ಟು ದೂರ
ಮಿಷನ್ನು ಹಿಡಿದು ಕೌಂಟರಿನ ಈಚೆಗೆ ಬಂದ.
"ಹೆಂಗಕ್ಕ ಕೂಗೋದು, ಹಸ?"
ಹಿಂದಿದ್ದ ಜಾತಿ ಸರ್ಟಿಫಿಕೇಟಿನವರು, ಪಹಣಿಯವರು
ಮಾತು ನಿಲ್ಲಿಸಿದರು.
"ಅಂಬಾ" ಅಂದ, ಕಿವಿ ಕೆಂಪಾಗಿ.

ಸಿಂಚನ ಕೇಕೆ ಹಾಕಿದಳು. ಕೈ ಬಿಚ್ಚಿತು,
ಗಾಜಿನ ಕಡೆ ಹೋಗಲಿಲ್ಲ;
ಅವನ ಹೆಬ್ಬೆಟ್ಟನ್ನೇ ಒಳಗೆ ಹಾಕಿಕೊಂಡು
ಮುಚ್ಚಿತು.

ಸರ್ವರ್ ಇಲ್ಲ, ನಾಳೆ ಬನ್ನಿ ಅನ್ನಲು
ಈಗ ಅವನ ಕೈಗೆ ಬಿಡುವಿಲ್ಲ.
ಬಿಡಿಸುವ ಹದ ನನಗೆ ಗೊತ್ತಿತ್ತು.
ಹೇಳಲು ನಾನೇನೂ ಆತುರಪಡಲಿಲ್ಲ.