ಬದನಿ ಹೂವಿನ ಬಣ್ಣ

ಬೈಕ್ ಬಂದ್ ಮಾಡೂಕಿನ್ನ ಮೊದಲ ಕೂಗತಾನ ಫಕೀರೇಶ,
"ಅಕ್ಕಾರ, ರಿಟರ್ನ್ ಬಂದೈತಿ!"
ಕುರಹಟ್ಟಿ ಪೇಟಿ ಓಣಿಗೆಲ್ಲ ಕೇಳೂ ಹಂಗ.
ಒಯ್ಯೂವಾಗ ಇಷ್ಟು ಜೋರು ಕೂಗಿರಲಿಲ್ಲ ಇವ.

ಹನ್ನೊಂದು ದಿನದ ಹಿಂದ ಹೋದ ಸೀರಿ.
ಹುಬ್ಬಳ್ಳಿ, ನಾಗಪುರ, ಆಮ್ಯಾಲ ಜಬಲಪುರ.
ಮಗಳು ದಿನಾ ಸಂಜೀಕ ಫೋನ್ ನೋಡಿ ಹೇಳಾಕಿ,
ಅವ್ವಾ ಈಗ ಅಲ್ಲೈತಿ, ಈಗ ಹೊಂಟೈತಿ,
ಪಂಢರಾಪುರಕ್ಕ ದಿಂಡಿ ಹೋದವರ ಸುದ್ದಿ ಹೇಳಿದಂಗ.
ನಾ ಹೊಳೆಆಲೂರಿನ ಆಕಡೆ ರೈಲಿನ್ಯಾಗ ಹೋದಾಕಿ ಅಲ್ಲ.

ಈ ಧಂದೆ ನನಗ ಯಾರೂ ಕಲಿಸಲಿಲ್ಲ ಅಂದ್ರ ಸುಳ್ಳು.
ಕಲಿಸಿದಾಕಿ ಒಬ್ಬಾಕಿ ಅದಾಳ, ಸೇಲಂ ಕಡಿಯಾಕಿ,
ಹೆಸರು ಗೊತ್ತಿಲ್ಲ, ಮೂಗಿಗೆ ಎರಡೂ ಕಡೆ ಮೂಗಬಟ್ಟು.
ಅಂಗೈಯಷ್ಟು ಪರದೆದಾಗ ಕುಂತು
ತಮಿಳಿನ್ಯಾಗ ಪಟಪಟ ಮಾತಾಡಾಕಿ.
ಮಾತು ತಿಳೀಲಿಲ್ಲ. ಕೈ ತಿಳೀತು.
ಬಿಳಿ ಚಾದರ ಹಾಸಬೇಕು, ನಾಕು ತಾಸಿನ ಬಿಸಿಲು ಹಿಡೀಬೇಕು,
ಸೆರಗು ಹಿಂಗ ಮಡಚಿದ್ರ ದಡಿ ನಗತೈತಿ.
ಹದಿನಾರು ಸಲ ತಿರುವಿ ತಿರುವಿ ನೋಡೇನಿ,
ಅನ್ನ ಹೊತ್ತಿಸಿಕೊಂಡು.
ಆಕಿಗೆ ಗೊತ್ತಿಲ್ಲ, ಬೆಟಗೇರಿಯಾಗೂ ಒಬ್ಬಾಕಿ ಶಿಷ್ಯ ಅದಾಳಂತ.

ಬಣ್ಣ ಯಾವುದು, ಅಂತ ಕೇಳಿತ್ತು ಫೋನು.
ಬರಿಯಾಕ ಎಲ್ಲಿ ಬಿಡತೈತಿ, ಆರಿಸ್ರಿ ಅಂತೈತಿ:
ಪರ್ಪಲ್, ವಾಯ್ಲೆಟ್, ಲ್ಯಾವೆಂಡರ್.
ನಮ್ಮ ಮನಿಯವರು ಹೊಕ್ಕು ಹಾಕಿದ ನೂಲಿಗೆ
ಇದ್ಯಾವುದೂ ಹೆಸರಲ್ಲ. ಅದು ಬದನಿ ಹೂವಿನ ಬಣ್ಣ,
ಮುಂಜಾನಿ ಹೊತ್ತಿಂದು, ಮಧ್ಯಾಹ್ನದ್ದಲ್ಲ.
ಮಗಳು ಪರ್ಪಲ್ ಒತ್ತಿದ್ಲು. ಆಗಲಿ ಬಿಡು, ಅಂದೆ.
ಆ ಒಂದು ಒತ್ತಿಗೆ ಈಗ ದಂಡ.
ವಾಪಸ್ ಕಳಿಸಿದ ಕಾರಣ: ಫೋಟೋದಲ್ಲಿನ ಬಣ್ಣವಲ್ಲ.

ನಿನ್ನ ಕಣ್ಣಾಗ ಸುಣ್ಣ ಬೀಳಲಿ, ಅಂದೆ.
ಅಂದಮ್ಯಾಲ ಪೊಟ್ಟಣ ಕತ್ತರಿಸಿದೆ.

ಮಡಿಕಿ ನಂದಲ್ಲ.
ನಾ ಮೂರು ಮಡಚಿ ಕಳಿಸಿದ್ದೆ, ನಾಕಾಗಿ ಬಂದೈತಿ,
ಅಂಚಿಗಂಚು ಕೂಡಿಸಿ, ಇಸ್ತ್ರಿ ತಿಕ್ಕಿ;
ತಪ್ಪು ಮಾಡಿದವರ ಅಚ್ಚುಕಟ್ಟು.
ಭುಜದ ಹಂತ್ಯಾಕ ಒಂದು ಪಿನ್ನು, ತಗಿಯೂದು ಮರತಾರ.
ಸೆರಗು ಝಾಡಿಸಿದ್ರ ಉದುರಿದುವು
ಅರಿಶಿಣ ಹತ್ತಿದ ಅಕ್ಕಿಕಾಳು, ಮೂರು.
ಮೂಸಿ ನೋಡಿದೆ: ಯಾವುದೋ ಅತ್ತರು,
ಅದರ ಕೆಳಗ ಬೆವರು, ಅದರ ಕೆಳಗ ಇನ್ನೂ
ನಮ್ಮ ಮಗ್ಗದ ಗಂಜಿ ವಾಸನಿ.

ಮನಿಯವರು ಮಗ್ಗ ನಿಂದರಿಸಿ ಬಂದ್ರು.
"ಉಟ್ಟಾರ! ಫೋಟೋ ಹೊಡಿ, ದೂರು ಹಾಕು,
ಹೋಗಿ ಬರೂ ಖರ್ಚು ನಮ್ಮ ತಲಿಮ್ಯಾಗ ಯಾಕ?"
ಖರೇನ ಅದು. ನೂರಾ ನಲವತ್ತೆಂಟು ರೂಪಾಯಿ
ಪುಗಸಟ್ಟೆ ಬರಂಗಿಲ್ಲ.
ದೂರಿನ ಚೌಕ ಓದಿದೆ: ಹರಿದಿದೆ. ಕಲೆಯಾಗಿದೆ. ಬೇರೆ ವಸ್ತು ಬಂದಿದೆ.
ಮದುವಿಗೆ ಹೋಗಿತ್ತು ಅನ್ನೂ ಚೌಕ ಇಲ್ಲ.

ಗ್ವಾಡಿ ಆಚೀಕಡಿಂದ ಮಾಲನಬಿ ನಕ್ಕಳು.
"ನನ್ನ ನಿಕಾದ ದಿನ ನಿಮ್ಮತ್ತಿ ಪತ್ತಲ ಉಟ್ಟು
ನಮ್ಮವ್ವ ಓಡ್ಯಾಡಿದ್ಲಲ್ಲ, ನೆನಪೈತೇನ?
ಒಗದು ಗಂಜಿ ಹಾಕಿ, ಮ್ಯಾಲೊಂದು ಬಟ್ಲ ಸುರಕುಂಬಾ ಇಟ್ಟು ಕೊಟ್ಟಿದ್ಲು."
ಇಲ್ಲಿ ಬಟ್ಲ ಇಲ್ಲ ಮಾಲನಬೀ, ಅಷ್ಟ ಫರಕು.
ಆಕಿಗೆ ಎರವಲು ಕೇಳಾಕ ಓಣಿ ಇದ್ದಿದ್ದಿಲ್ಲೇನೋ.

ದೂರು ಹಾಕಿದೆ.
ಹಾಕಲಿಲ್ಲ ಅಂತ ಹೇಳಿ ದೊಡ್ಡಾಕಿ ಆಗಂಗಿಲ್ಲ ನಾ.
ಏಳು ದಿನದಾಗ ಉತ್ತರ ಕೊಡತೈತಂತ.
ರಾತ್ರಿ, ಮಗಳು ಮಲಗಿದಮ್ಯಾಲ,
ನಮ್ಮ ಗಿರಾಕಿಗೋಳ ವಾಟ್ಸ್ಯಾಪ್ ಗುಂಪಿನ್ಯಾಗ
ನಾನ ಒಂದೊಂದ ಅಕ್ಷರ ಹುಡುಕಿ ಒತ್ತಿದೆ:
ಬದನಿ ಹೂವಿನ ಬಣ್ಣ. ಅರ್ಧ ರೇಟು.
ಒಂದು ಮದುವಿ ನೋಡಿ ಬಂದೈತಿ.

ಹತ್ತು ಮುಕ್ಕಾಲಾಗಿತ್ತು.
ರಾಣೆಬೆನ್ನೂರಿಂದ ಯಾರೋ ಮುರಿಗೆಮ್ಮ,
ಉದ್ದ ಕೇಳಲಿಲ್ಲ, ಅರ್ಧ ಅಂದ್ರ ಎಷ್ಟು ಕೇಳಲಿಲ್ಲ:
"ಮದುವಿ ಚೊಲೊ ಆತೇನ್ರಿ?"

ಮೂರು ಕಾಳು ಕಿಡಕಿ ಕಟ್ಟಿಮ್ಯಾಲ ಅದಾವು.
ಏನಂತ ಹೇಳ್ಲಿ.
ಹೆಬ್ಬೆರಳು ಇನ್ನೂ ಗಾಜಿನ ಮ್ಯಾಲ.