ಪಟ್ಟಿ

ಮಾಲೂರಿನಾಚೆಯ ಅಂಗನವಾಡಿ.
ಮಕ್ಕಳ ರಟ್ಟೆಗೆ ಪಟ್ಟಿ ಸುತ್ತುತ್ತೇನೆ:
ಹಸಿರು, ಹಸಿರು, ಹಳದಿ.
"ಮೊಟ್ಟೆ ತಪ್ಪಿಸಬೇಡಿ, ಕಡ್ಲೆಬೀಜ ಕೊಡಿ" ಎಂದರೆ
ತಾಯಂದಿರು ತಲೆಯಾಡಿಸುತ್ತಾರೆ.
ಆಹಾರಶಾಸ್ತ್ರದಲ್ಲಿ ತರಗತಿಗೇ ನಾನು ಮೊದಲು.

ನಿನ್ನೆ ರಾತ್ರಿ ಹಾಸ್ಟೆಲಿನಲ್ಲಿ
ಮುದ್ದೆ ಮುರಿದು ಮುರಿದು
ಬಸ್ಸಾರಿನಡಿ ಮುಳುಗಿಸಿದ್ದೆ.
"ತಿಂದ್ಯೇನೇ?" ಅಂದಳು ರತ್ನಪ್ರಭೆ.
ಹೂಂ ಅಂದೆ.
ಅವಳದೂ ಹಾಗೇ ಕಲಸಿಟ್ಟ ತಟ್ಟೆ;
ಒಬ್ಬರದನ್ನೊಬ್ಬರು ನೋಡಲಿಲ್ಲ.

ಹಳದಿಯ ಹುಡುಗಿ ಪಟ್ಟಿ ಕಿತ್ತುಕೊಂಡು
ನನ್ನ ಮಣಿಕಟ್ಟಿಗೆ ಬಿಗಿದಳು:
"ಅಕ್ಕಂದು ಕೆಂಪು!"
ಅಳೆಯೋದು ಅಲ್ಲಲ್ಲ ಪುಟ್ಟಿ, ಅನ್ನಬಹುದಿತ್ತು.
ಅಷ್ಟರಲ್ಲಿ ತನ್ನ ಮೊಟ್ಟೆ ಹೋಳು ಮಾಡಿ
ಭಂಡಾರ ಹೆಚ್ಚಿದ್ದ ಭಾಗವನ್ನೇ
ನನ್ನ ಅಂಗೈಗಿಟ್ಟಳು.

ಬಿಸಿ ಇನ್ನೂ ಆರಿಲ್ಲ.
ಅವಳು ನನ್ನ ಬಾಯನ್ನೇ ನೋಡುತ್ತಿದ್ದಾಳೆ.
ಬಾಯೊಳಗೆ
ಎಣಿಕೆ ನಡೆದೇ ಇದೆ.