ಮೂರನೆಯ ಅಕ್ಷರ

ಹುಡುಕುವ ಪೆಟ್ಟಿಗೆಗೆ ನಾನು ಬುದ್ಧಿ ಹೇಳಬೇಕಿತ್ತು.
ಪಣಜಿಯ ಮೀನುಗಾರಿಕೆ ಕಚೇರಿ, ಎರಡನೇ ಮಹಡಿ,
ಕಿಟಕಿಯಾಚೆ ಮಾಂಡೋವಿ, ಅದರ ಮೇಲೆ ಕ್ಯಾಸಿನೊ ಹಡಗು,
ಒಳಗೆ ಆರು ವರ್ಷದ ಮೀನಿನ ಲೆಕ್ಕ,
ಇಂಗ್ಲಿಷ್ ಅಕ್ಷರದಲ್ಲಿ ಕೊಂಕಣಿ ಹೆಸರು.

ಎಷ್ಟು ಅಕ್ಷರ ಒತ್ತಿದ ಮೇಲೆ ಸೂಚನೆ ತೋರಿಸಲಿ?
ಎಷ್ಟು ಸಾಲು? ಯಾವುದು ಮೊದಲು?
ತಂತ್ರಾಂಶ ಕೇಳುತ್ತದೆ, ವಿನಯದಿಂದ,
ಮದುವೆಮನೆಯಲ್ಲಿ ಬಡಿಸುವವರ ಹಾಗೆ.
ಎರಡಕ್ಷರ, ಹತ್ತು ಸಾಲು, ಹೆಚ್ಚು ಬಂದದ್ದು ಮೇಲೆ,
ಐದಕ್ಕಿಂತ ಕಡಿಮೆ ಸಲ ಬಂದದ್ದು ಬೇಡವೇ ಬೇಡ
ಅಂದೆ. ಗುಂಡಿ ಒತ್ತಿದೆ. ಚಹಾಕ್ಕೆ ಹೋದೆ.

ಅಷ್ಟೇ ನಾನು ಮಾಡಿದ್ದು.

ಎಫ್ರೆಮ್ ಬಾಬ್ ಇಪ್ಪತ್ತೆಂಟು ವರ್ಷ ಖಾತೆಪುಸ್ತಕದಲ್ಲಿ ಬರೆದವರು,
ಕೀಲಿಮಣೆಗೆ ಬಲಗೈಯ ತೋರುಬೆರಳೊಂದನ್ನೇ ಕೊಟ್ಟಿದ್ದಾರೆ.
ಜೆಟ್ಟಿಯಿಂದ ಬಂದ ಚೀಟಿ ಎಡಗೈಯಲ್ಲಿ.
'ತಾ' ಎಂದು ಒತ್ತುತ್ತಾರೆ, ಅದು ತಾರ್ಲೆ ತರುತ್ತದೆ;
ನಮ್ಮ ಭಾಷೆಯಲ್ಲೂ ತಾ ಅಂದರೆ ತರಬೇಕಲ್ಲ.
ಎಂಟರ್. ಮತ್ತೊಂದು ಚೀಟಿ. ತಾ. ಎಂಟರ್.
ಚೀಟಿಯಲ್ಲಿದ್ದದ್ದು ತಾಮ್ಸೊ, ಕೆಂಪು ಮೀನು, ತಟ್ಟೆಯಗಲ.
ಪರದೆಯ ಮೇಲೆ ತಾರ್ಲೆಗೆ ಇನ್ನೊಂದು ಬುಟ್ಟಿ ಕೂಡಿತು;
ಕೂಡಿದಷ್ಟೂ ಅದು ಮೇಲೆ,
ಮೇಲಿದ್ದಷ್ಟೂ ಅದೇ ಕೂಡುವುದು.

ಮೂರು ತಿಂಗಳಲ್ಲಿ ತಾಮ್ಸೊ ಅರಬ್ಬೀ ಸಮುದ್ರ ಬಿಟ್ಟುಹೋಯಿತು.
ಗ್ರಾಫಿನ ಗೆರೆ ನೆಲ ಕಚ್ಚಿತು.
ಮೇಲಿನವರು ಕಳವಳದ ಪತ್ರ ಬರೆದರು:
ನೀರು ಬಿಸಿಯಾಗಿದೆಯೋ, ಬಲೆ ಅತಿಯಾಗಿದೆಯೋ, ಸಮಿತಿ ಆಗಲಿ.

ಗಾಬರಿಯಲ್ಲಿ ಕ್ರಮ ತಿರುಗಿಸಿದೆ: ಅಪರೂಪದ್ದು ಮೇಲೆ.
ಮರುವಾರ ಎಫ್ರೆಮ್ ಬಾಬ್ ಒಬ್ಬರೇ
ನಲವತ್ತು ಬುಟ್ಟಿ ತಾಮ್ಸೊ ಹಿಡಿದರು,
ಕುರ್ಚಿಯಿಂದ ಏಳದೆ, ಬಲೆಯಿಲ್ಲದೆ.

ಶನಿವಾರ ಫೆರಿ ಹತ್ತಿ ಬೇತಿಮ್‌ಗೆ ಹೋದೆ.
ಸುಕಾಂತಿಬಾಯಿ, ನಾನು ಬಾಯಿ ತೆರೆಯುವ ಮೊದಲೇ ಹೇಳುವವಳು.
ಮೂರನೇ ತಾರೀಖಿಗೆ 'ಇಸ್ವಣ',
ಇಪ್ಪತ್ತೇಳಕ್ಕೆ 'ತಾರ್ಲೆ, ಒಳ್ಳೆ ನೆಣ ಇದೆ',
ಕೊಡೆ ಮುರಿದಿದ್ದರೆ ಬೆಲೆಯನ್ನೂ ಅವಳೇ ಇಳಿಸುತ್ತಾಳೆ.
ಯಾರು ಕಲಿಸಿದರು ಈ ಕ್ರಮ ಎಂದರೆ
ಮೀನಿನ ಮೇಲೆ ಮಂಜುಗಡ್ಡೆ ಸುರಿದು ನಕ್ಕಳು.
'ಮುಖ ನೋಡಿ ಹೇಳ್ತೇನೆ ಬಾಯ್.
ಹೇಳಿ ಒಂದು ಗಳಿಗೆ ಸುಮ್ಮನಿರ್ತೇನೆ.
ಅಲ್ಲ ಅನ್ನುವವರಿಗೆ ಅಷ್ಟು ಜಾಗ ಬೇಕಲ್ಲ.'
ಅವಳ ಬುಟ್ಟಿಯ ಮೂಲೆಯಲ್ಲಿ ತಾಮ್ಸೊ ಇತ್ತು.
ಎರಡು.

ಸೋಮವಾರ ಎರಡಕ್ಷರವನ್ನು ಮೂರು ಮಾಡಿದೆ.
ಐದರ ಆ ಗೆರೆ ಅಳಿಸಿದೆ, ಒಂದೇ ಸಲ ಬಂದದ್ದೂ ಬರಲಿ.
ಎಂಟರ್ ಒತ್ತಿದೊಡನೆ ಮೊದಲನೆಯದು ತಾನಾಗಿ ಹತ್ತುವುದು ಬೇಡ,
ಬೆರಳು ಕೆಳಗಿಳಿದು ಆರಿಸಿ ತರಲಿ.
ಎಫ್ರೆಮ್ ಬಾಬ್ ಗೊಣಗಿದರು, ಒಂದಕ್ಷರ ಹೆಚ್ಚಾಯಿತಂತೆ,
ಇರುವುದೊಂದೇ ಬೆರಳಂತೆ.
ಆದರೂ ಮೂರನೆಯದನ್ನು ಒತ್ತುವ ಮುಂಚೆ
ಚೀಟಿಯನ್ನು ಕನ್ನಡಕದ ಹತ್ತಿರ ತಂದರು.

ಹಳೆಯ ಚೀಟಿಗಳು ಕಪಾಟಿನ ಕೆಳಗೆ ಗೋಣಿಯಲ್ಲಿವೆ.
ಒಂದೊಂದೇ ತಿದ್ದಬೇಕು. ಸಮಿತಿಗೆ ಹೇಳಬೇಕು.
ಇನ್ನೂ ಹೇಳಿಲ್ಲ.

ಮತ್ತೊಂದು ಸಣ್ಣದು, ಯಾರೂ ಕೇಳದೆ ಮಾಡಿದ್ದು.
ಗಂಗೊಳ್ಳಿಯಲ್ಲಿ ನಾವು ಕಾಣೆ ಅನ್ನುವ ಮೀನು ಇಲ್ಲಿ ಮುಡ್ಡೊಶಿ.
ಬಂದ ಹೊಸತರಲ್ಲಿ ಕಾಣೆ ಎಂದು ಹುಡುಕಿದ್ದೆ,
ಏನೂ ಸಿಗಲಿಲ್ಲ ಎಂದಿತ್ತು ಪೆಟ್ಟಿಗೆ,
ಅಂದರೆ ನಾನು ಬರೆದದ್ದನ್ನೇ ತಿರುಗಿ ಹೇಳಿತ್ತು.
ಈಗ ಸಮಾನಾರ್ಥಗಳ ಪಟ್ಟಿಯಲ್ಲಿ
ಎರಡಕ್ಕೂ ಗಂಟು ಹಾಕಿದ್ದೇನೆ.
ಈ ಕಚೇರಿಯಲ್ಲಿ ಆ ಹೆಸರು ಇನ್ನಾರೂ ಒತ್ತುವವರಿಲ್ಲ.
ದೀಪ ಆರಿಸುವ ಮೊದಲು ನಾನೊಬ್ಬಳು
ಕಾಣೆ ಎಂದು ಬರೆಯುತ್ತೇನೆ.
ಕಾಣುತ್ತದೆ.